ಹೂತಿಟ್ಟ ಲೇವಿಸ್ಕಾ

ಇಲ್ಮಿ ಬಸ್ಸಿಳಿದಾಗ ಅವಳ ಅಜ್ಜಿ ಸೆರಾಫೀನಾ ರಸ್ತೆ ಬದಿಯಲ್ಲಿ ಹಾಲಿನ ಕ್ಯಾನುಗಳನ್ನಿಡುವ ಮರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮೊಮ್ಮಗಳ ಮುಖಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಮೊಮ್ಮಗಳ ಕೈಯನ್ನು ನೆಲಕ್ಕೆ ಜಗ್ಗುತ್ತಿದ್ದ ಪೆಟ್ಟಿಗೆ.

“ಇದೇನೇ ಇದು, ಯಾರದಾದ್ರೂ ಹೆಣ ಹೊತ್ಕೊಂಡು ಬಂದ್ಯಾ?”

“ಟೇಪ್ ರೆಕಾರ್ಡರ್ ಅಜ್ಜಿ. ಅಜ್ಜನ ಮಾತು ಹಿಡ್ಕೊಂಡು ಬಾ ಅಂತ ನಮ್ಮ ಆಫೀಸಿನವರು ಕೊಟ್ಟು ಕಳಿಸಿದಾರೆ.”

“ನಿಮ್ಮಜ್ಜನ ಮಾತಾ? ಅದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಬೆಂಕಿಪೊಟ್ಟಣ ಸಾಕಾಗ್ತಿತ್ತಲ್ಲ.”

ಪೆಟ್ಟಿಗೆಯ ಹಿಡಿಗೆ ಒಂದು ಟವೆಲ್ಲು ಸಿಕ್ಕಿಸಿ, ಇಬ್ಬರೂ ಒಂದೊಂದು ತುದಿ ಹಿಡಿದು ಮರಳು ದಾರಿಯಲ್ಲಿ ನಡೆದರು. ಆಗಸ್ಟ್ ಶುರುವಾಗಿತ್ತು. ಕೊಯ್ದ ರೈ ಪೈರಿನ ಕಂತೆಗಳು ಹೊಲದಲ್ಲಿ ತಲೆಗೆ ತಲೆ ಆನಿಸಿಕೊಂಡು ಗುಟ್ಟು ಮಾತಾಡುವವರ ಹಾಗೆ ನಿಂತಿದ್ದವು. ಅಜ್ಜಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಎರಡನೇ ಸಲ ನಿಂತಾಗ, ಹೊಲದ ಕಡೆ ನೋಡುತ್ತಲೇ ಹೇಳಿದಳು.

“ಭಾನುವಾರ ನಮ್ಮವರ ಸಭೆ. ಚರ್ಚಿನಲ್ಲೇ. ಈ ಸಲವಾದ್ರೂ ನಿಮ್ಮಜ್ಜನನ್ನ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸಕ್ಕೆ ಎಬ್ಬಿಸ್ಕೊಂಡು ಬಾ ಮಗಾ. ನಿನ್ನ ಮಾತು ಕೇಳ್ತಾನೆ.”

“ಅಜ್ಜ ಯಾರ ಮಾತು ಕೇಳಿದಾನೆ ಅಜ್ಜಿ?”

“ಬೇರೆಯವರದ್ದು ಕೇಳಿಸ್ಕೊಳ್ಳಲ್ಲ, ನಿನ್ನದು ಕೇಳಿಸ್ಕೊಂಡು ಸುಮ್ನಿರ್ತಾನೆ. ಅಷ್ಟು ವ್ಯತ್ಯಾಸ ಇದೆ.” ಅವಳು ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. “ಇದು ಈಗೀಗ ಹಳೇ ದೋಣಿ ಥರ ನೀರು ಕುಡೀತಿದೆ. ಡಾಕ್ಟರು ಮಾತ್ರೆ ಕೊಟ್ಟಿದಾನೆ, ಅವನ ಮುಖ ನೋಡಿದ್ರೆ ಮಾತ್ರೆ ಮೇಲೆ ಅವನಿಗೇ ನಂಬಿಕೆ ಇಲ್ಲ. ನಾನು ಆ ಕಡೆ ಹೋಗಿ, ಈ ಮುದುಕ ಈ ಕಡೇನೇ ಉಳಿದ್ರೆ, ನನಗೆ ಹುಟ್ಟು ಹಾಕೋರು ಯಾರೇ?”

ನಗಿಸುವುದಕ್ಕೆಂದೇ ಆಡಿದ ಮಾತು. ಆದರೆ ಅವಳು ಟವೆಲ್ಲಿನ ತುದಿಯನ್ನು ಮತ್ತೆ ಎತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಇವರೆಲ್ಲ ಫಿನ್ಲೆಂಡ್ ಕೊಲ್ಲಿಯ ನಡುಮಧ್ಯದ ಒಂದು ದ್ವೀಪದವರು. ಹಳೆಯ ನಕ್ಷೆಗಳಲ್ಲಿ ಅದಕ್ಕೊಂದು ಹೆಸರಿದೆ. ಅಲ್ಲಿಯವರ ಬಾಯಲ್ಲಿ ಮಾತ್ರ ಅದು ಬರೀ ದ್ವೀಪ. ಯುದ್ಧ ಅದನ್ನು ನುಂಗಿ, ಒಮ್ಮೆ ಉಗುಳಿ, ಮತ್ತೆ ನುಂಗಿತು. ಈಗ ಅಲ್ಲಿ ರಷ್ಯದ ಸೈನಿಕರ ದೀಪವೊಂದು ಬಿಟ್ಟರೆ ಏನು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಜನ ಕೋತ್ಕಾ ಪಟ್ಟಣದ ಆಚೀಚೆ ಕರಾವಳಿಯುದ್ದಕ್ಕೂ ಚೀಲ ಹರಿದು ಚೆಲ್ಲಿದ ಕಾಳಿನ ಹಾಗೆ ಬಿದ್ದುಕೊಂಡರು. ವರ್ಷಕ್ಕೊಮ್ಮೆ ಎಲ್ಲರೂ ಒಂದು ಚರ್ಚಿನಲ್ಲಿ ಸೇರುತ್ತಾರೆ. ಇಲ್ಮಿಯ ಅಜ್ಜ ಏನೊಕ್ಕಿಯೂ ತಪ್ಪದೆ ಹೋಗುತ್ತಾನೆ. ಹೆಂಡತಿಯನ್ನು ದೋಣಿಯಲ್ಲಿ ಕರೆದೊಯ್ದು ಚರ್ಚಿನ ದೋಣಿಕಟ್ಟೆಗೆ ಹಗ್ಗ ಬಿಗಿಯುತ್ತಾನೆ. ಗಂಟೆ ಬಾರಿಸಿ, ಹಾಡು ಮುಗಿದು, ಎಲ್ಲರೂ ಹೊರಗೆ ಬಂದು ಕಾಫಿ ಕುಡಿಯುವವರೆಗೂ ಅವನು ದೋಣಿಯಲ್ಲೇ ಕೂತಿರುತ್ತಾನೆ. ಯಾಕೆಂದು ಕೇಳಿದರೆ ಮೋಟಾರು ಒರೆಸುತ್ತಾನೆ.

ಇಲ್ಮಿ ಬೆಳೆದದ್ದು ಈ ಮೌನದ ಪಕ್ಕದಲ್ಲೇ. ತಂದೆ ಯುದ್ಧದಿಂದ ಬರಲಿಲ್ಲ, ತಾಯಿ ಕ್ಷಯರೋಗದ ಆಸ್ಪತ್ರೆಯಿಂದ ಬರಲಿಲ್ಲ. ಬೇರೆ ಮಕ್ಕಳು ಅಪ್ಪಂದಿರ ಬೈಗುಳದಿಂದ ಅವರ ಮನಸ್ಸು ತಿಳಿದುಕೊಂಡರೆ, ಇವಳು ಅಜ್ಜ ಎಲ್ಲೆಲ್ಲಿ ಮಾತು ನಿಲ್ಲಿಸುತ್ತಾನೆ ಎಂಬುದರಿಂದ ತಿಳಿದುಕೊಂಡಳು. ಮುಂದೆ ಹೆಲ್ಸಿಂಕಿಯಲ್ಲಿ ಭಾಷೆ ಓದಿ, ಊರೂರಿನ ಮಾತುಗಳನ್ನು ಕೂಡಿಹಾಕುವ ಕೆಲಸಕ್ಕೆ ಸೇರಿದಾಗಲೂ ಅವಳಿಗೆ ಹಿಡಿಸಿದ್ದು ಜನ ಹೇಳಿದ ಪದಗಳಿಗಿಂತ ಹೇಳುವ ಮುಂಚೆ ತಡೆದುಕೊಳ್ಳುವ ಗಳಿಗೆ. ಈಗ ಅವಳ ಪಾಲಿಗೆ ಬಂದದ್ದು ಹಳೆಯ ತೂಕಗಳ ಹೆಸರುಗಳು. ಅದರಲ್ಲೂ ಲೇವಿಸ್ಕಾ. ಕಿಲೋ ಬಂದ ಮೇಲೆ ಸತ್ತ ತೂಕ ಅದು. ಎಂಟೂವರೆ ಕಿಲೋ ಆಸುಪಾಸು. ದ್ವೀಪದಲ್ಲಿ ಮಾತ್ರ ಯುದ್ಧದವರೆಗೂ ಬದುಕಿತ್ತು. ದ್ವೀಪದ ಲೇವಿಸ್ಕಾ ತೂಕದ ಕಲ್ಲು ಇದ್ದದ್ದು ಏನೊಕ್ಕಿಯ ವಶದಲ್ಲಿ, ಅವನಿಗಿಂತ ಮುಂಚೆ ಅವನ ಅಪ್ಪನ ವಶದಲ್ಲಿ.

ಮಾರನೇ ದಿನ ಮಧ್ಯಾಹ್ನ ಅವಳು ಪೆಟ್ಟಿಗೆಯನ್ನು ಬಲೆಮನೆಗೆ ಹೊತ್ತು ತಂದಳು. ಡಾಂಬರು, ಒಣಗಿದ ಮೀನು, ಬಿಸಿಲಿಗೆ ಕಾದ ಹಲಗೆ, ಎಲ್ಲದರ ವಾಸನೆ ಸೇರಿ ಅವಳ ಬಾಲ್ಯವೇ ಅಲ್ಲಿ ನೇತುಹಾಕಿದಂತಿತ್ತು. ಏನೊಕ್ಕಿ ಕಿಟಕಿ ಪಕ್ಕದಲ್ಲಿ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ.

“ಶುರು ಮಾಡಿದ್ಯಾ?” ಅಂದ, ತಿರುಗುತ್ತಿದ್ದ ಚಕ್ರಗಳನ್ನು ನೋಡಿ.

“ಮಾಡಿದೆ.”

“ನಾನು ಸುಮ್ನಿದ್ರೂ ಅದು ತಿರುಗುತ್ತಾ?”

“ತಿರುಗುತ್ತೆ.”

“ಪಾಪ,” ಅಂದ. ಆಮೇಲೆ, ಆ ಯಂತ್ರದ ಮೇಲೆ ಕರುಣೆಯಿಂದಲೋ ಏನೋ, ಮಾತಾಡತೊಡಗಿದ.

ವಸಂತದಲ್ಲಿ ಮಂಜುಗಡ್ಡೆ ಒಡೆದ ಕೂಡಲೇ ದೋಣಿಗಳು ದಕ್ಷಿಣಕ್ಕೆ, ಎಸ್ತೋನಿಯದ ದಡಕ್ಕೆ ಹೋಗುತ್ತಿದ್ದವಂತೆ. ದ್ವೀಪದಲ್ಲಿ ಮೀನಿತ್ತು, ಮಣ್ಣಿರಲಿಲ್ಲ. ಅಲ್ಲಿ ಮಣ್ಣಿತ್ತು, ಇಷ್ಟು ಮೀನಿರಲಿಲ್ಲ. ಪ್ರತಿ ಮನೆಗೂ ಆ ದಡದಲ್ಲಿ ಒಬ್ಬ ಗೆಳೆಯ. ಅಜ್ಜನ ಕಾಲದಿಂದ ಬಂದ ಗೆಳೆತನ, ಮೊಮ್ಮಕ್ಕಳಿಗೆ ಬಿಟ್ಟು ಹೋಗುವ ಗೆಳೆತನ. ಒಂದು ಅಳತೆ ಉಪ್ಪು ಮೀನಿಗೆ ಒಂದು ಅಳತೆ ರೈ ಕಾಳು. ನಡುವೆ ಹುಲ್ಲಿನ ಮೇಲೆ ದ್ವೀಪದ ಕಲ್ಲು.

“ಯೂಹಾನ್ ಅಂತ ನನ್ನ ಗೆಳೆಯ. ಮೊದಲು ನಾನು ತೂಗ್ತಿದ್ದೆ, ಆಮೇಲೆ ಅವನು ತೂಗ್ತಿದ್ದ. ಕೊನೇ ತೂಕ ಇಬ್ಬರೂ ಒಟ್ಟಿಗೆ ತಕ್ಕಡಿ ಕೋಲು ಹಿಡೀಬೇಕು. ಆಗ ಕೋಲು ಯಾವ ಕಡೆ ವಾಲಿದ್ರೂ ಕೇಳೋ ಹಾಗಿಲ್ಲ. ಅವನ ಹೆಂಡ್ತಿ ಬೈತಿದ್ಲು. ‘ತೂಗೋದಾದ್ರೆ ಸರಿಯಾಗಿ ತೂಗಿ, ತಬ್ಬಿಕೊಳ್ಳೋದಾದ್ರೆ ಸರಿಯಾಗಿ ತಬ್ಬಿಕೊಳ್ಳಿ, ಎರಡೂ ಒಟ್ಟಿಗೆ ಬೇಡ’ ಅಂತ.”

ಇಲ್ಮಿ ನಕ್ಕಳು. ಅಜ್ಜನ ಕೈ ಬಲೆಯ ಮೇಲೆ ನಿಂತಿತ್ತು. ಅವನ ಕಣ್ಣು ಕಿಟಕಿಯಾಚೆ, ಯಾವುದೋ ಹುಲ್ಲಿನ ದಡದಲ್ಲಿತ್ತು. ಅವಳು ಕೇಳಬೇಕಾದದ್ದನ್ನು ಕೇಳಿದಳು.

“ಲೇವಿಸ್ಕಾ ಅಂತ ಯಾಕೆ ಹೆಸರು ಬಂತು ಅಜ್ಜ?”

“ಅದನ್ನೂ ಕೇಳಬೇಕಾ? ಲೇಪಾ ಅಂದ್ರೆ ರೊಟ್ಟಿ. ಒಂದು ಲೇವಿಸ್ಕಾ ಕಾಳು ಅಂದ್ರೆ ಒಂದು ಸಲ ಒಲೆ ಉರಿಸಿದ್ರೆ ಬೇಯೋ ರೊಟ್ಟಿ. ರೊಟ್ಟಿಯಿಂದಾನೇ ಬಂದಿದ್ದು. ನಮ್ಮಪ್ಪ ಹೇಳ್ತಿದ್ದ.”

ಎಲ್ಲ ಊರಿನ ಮುದುಕರೂ ಇದನ್ನೇ ಹೇಳಿದ್ದರು. ಹಾಗಲ್ಲ ಎಂದು ಅವಳಿಗೆ ಗೊತ್ತಿತ್ತು. ಅಜ್ಜನಿಗೆ ಹೇಳುವುದು ಬೇಡವೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ಬಾಯಲ್ಲಿರುವ ರೊಟ್ಟಿಯನ್ನು ಕಿತ್ತುಕೊಂಡು ಅವಳಿಗೆ ಆಗಬೇಕಾದದ್ದೇನಿತ್ತು?

“ಆ ಕಲ್ಲು ಈಗ ಎಲ್ಲಿದೆ ಅಜ್ಜ?”

ಚಕ್ರ ತಿರುಗುತ್ತಿತ್ತು. ಕಡಲಹಕ್ಕಿಯೊಂದು ಚಾವಣಿಯ ಮೇಲೆ ಅತ್ತಿತ್ತ ನಡೆದಾಡಿತು.

“ಅದನ್ನ ನಿಲ್ಲಿಸು,” ಅಂದ.

ನಿಲ್ಲಿಸಿದಳು.

“ಹೂತೆ. ದ್ವೀಪದ ಬಲೆಮನೆ ಹಿಂದೆ ಕೆಂಪು ಹಣ್ಣು ಬಿಡೋ ಪಿಹ್ಲಯಾ ಮರ ಇತ್ತಲ್ಲ, ಅದರ ಬುಡದಲ್ಲಿ, ಡಾಂಬರು ಬಟ್ಟೆ ಸುತ್ತಿ. ಎರಡು ಸಲ ಬಿಟ್ಟು ಬಂದೆ ಅದನ್ನ.” ಬಲೆಯನ್ನು ತೊಡೆಯಿಂದ ಕೆಳಗಿಳಿಸಿದ. “ಎರಡನೇ ಸಲ ಬಂದ ಮಾರನೇ ವರ್ಷ, ಇದೇ ಆಗಸ್ಟಿನಲ್ಲಿ, ಯಾರದೋ ಊರಿನ ಚರ್ಚಲ್ಲಿ ಯಾರದೋ ಬೆಂಚಿನ ಮೇಲೆ ಕೂತಿದ್ದೆ. ಪಾದ್ರಿ ಆ ಕಥೆ ಓದಿದ. ಯಜಮಾನ ಊರು ಬಿಟ್ಟು ಹೋಗ್ತಾ ಆಳುಗಳ ಕೈಗೆ ಬೆಳ್ಳಿ ತೂಗಿ ಕೊಟ್ಟು ಹೋಗ್ತಾನೆ. ಒಬ್ಬನಿಗೆ ಐದು ಲೇವಿಸ್ಕಾ, ಒಬ್ಬನಿಗೆ ಎರಡು, ಕೊನೆಯವನಿಗೆ ಒಂದು. ಮೊದಲಿಬ್ಬರು ಬೆಳೆಸ್ತಾರೆ. ಕೊನೆಯವನು ನೆಲ ಅಗೆದು ಹೂತಿಡ್ತಾನೆ. ಯಜಮಾನ ಬಂದು ಅವನನ್ನ ಹೊರಗಿನ ಕತ್ತಲಿಗೆ ದಬ್ಬಿಸ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆ. ಆವತ್ತು ಪಾದ್ರಿ ನನ್ನನ್ನೇ ನೋಡ್ಕೊಂಡು ಓದಿದ ಹಾಗಿತ್ತು. ನಾನು ಎದ್ದು ಹೊರಗೆ ಬಂದೆ. ಅಷ್ಟೇ.”

ಇಷ್ಟು ವರ್ಷ ದೋಣಿಯಲ್ಲಿ ಕೂತವನ ಕಾರಣ ಇಷ್ಟು ಸರಳವಾಗಿತ್ತು. ಆ ಕಥೆಯಲ್ಲಿರುವುದು ಬೇರೆ ಅರ್ಥ ಎಂದು ಯಾವ ಪಾದ್ರಿಯೂ ಹೇಳಬಹುದಿತ್ತು. ಅಜ್ಜನಿಗೂ ಅದು ಗೊತ್ತಿಲ್ಲದ್ದೇನಲ್ಲ. ಆದರೆ ತೂಕ ಕಾಯುವವನಿಗೆ ತೂಕ ಅಂದರೆ ತೂಕವೇ. ಅವಳ ಬಳಿ ಇದ್ದದ್ದು ಒಂದೇ ಮಾತು, ಹೇಳಬಾರದೆಂದುಕೊಂಡಿದ್ದ ಮಾತು.

“ಅಜ್ಜ, ಅದು ರೊಟ್ಟಿಯಿಂದ ಬಂದಿದ್ದಲ್ಲ.”

“ಏನು?”

“ಲೇವಿಸ್ಕಾ. ಎಸ್ತೋನಿಯ ದಾಟಿ ಇನ್ನೂ ದಕ್ಷಿಣಕ್ಕೆ ಹೋದ್ರೆ ಲೀವಿ ಅನ್ನೋ ಜನ. ನಮ್ಮ ಮಾತಿಗೆ ದಾಯಾದಿ ಆಗಬೇಕು ಅವರ ಮಾತು. ಅವರ ನೆಲಕ್ಕೆ ಜರ್ಮನ್ ವರ್ತಕರು ಬಂದು ರೀಗಾ ಪಟ್ಟಣ ಕಟ್ಟಿದ್ರು. ಅಲ್ಲಿ ನಡೀತಿದ್ದ ತೂಕಕ್ಕೆ ಲೀವಿಷ್ ಪುಂಟ್ ಅಂತಿದ್ರು. ಲೀವಿಯವರ ಪೌಂಡು. ಹಡಗಿನಲ್ಲಿ ಉಪ್ಪು ಬಂತು, ಬಟ್ಟೆ ಬಂತು, ಹಿಂದೇನೇ ಆ ತೂಕಾನೂ ಬಂತು. ಹೇಳ್ತಾ ಹೇಳ್ತಾ ಪೌಂಡು ಉದುರಿಹೋಯ್ತು, ಲೀವಿಷ್ ಉಳೀತು. ಅದೇ ನಮ್ಮ ನಾಲಿಗೇಲಿ ಲೇವಿಸ್ಕಾ.”

“ಅಂದ್ರೆ ದೇವರ ಮಾತಲ್ಲ ಅದು.”

“ಅಲ್ಲ. ಆ ಕಥೇನ ನಮ್ಮ ಭಾಷೆಗೆ ತಂದವರಿಗೆ ಒಂದು ತೂಕದ ಹೆಸರು ಬೇಕಿತ್ತು. ಅಂಗಡೀಲಿ ನಡೀತಿದ್ದ ಹೆಸರನ್ನ ತಂದಿಟ್ರು. ಮೂಲದಲ್ಲಿ ತಲಾಂತು ಅಂತಿದೆ.”

“ಅದೆಷ್ಟು ತೂಗುತ್ತೆ?”

“ಮೂರೋ ನಾಲ್ಕೋ ಲೇವಿಸ್ಕಾ ಆಗಬಹುದು.”

ಏನೊಕ್ಕಿ ಬೆರಳು ಮಡಚಿ ಎಣಿಸಿದ. “ಹಾಗಾದ್ರೆ ನನ್ನ ಪಾಪ ಕಾಲು ಭಾಗಕ್ಕೆ ಇಳೀತು ಅನ್ನು,” ಅಂದ. ಅವನ ಮುಖದ ಒಂದು ಬದಿ ಮಾತ್ರ ನಕ್ಕಿತು. “ಆ ಲೀವಿ ಜನ ಇದಾರಾ ಈಗ?”

“ಕೆಲವರು. ನಮ್ಮ ಪ್ರೊಫೆಸರು ಯುದ್ಧಕ್ಕೆ ಮುಂಚೆ ಹೋಗಿದ್ರಂತೆ. ಮರಳಿನ ದಡದಲ್ಲಿ ಸಾಲಾಗಿ ಹಳ್ಳಿಗಳು. ಮೀನಿನವರೇ.”

“ಸಿಲಕ್ಕಾ ಮೀನಾ?”

“ಸಿಲಕ್ಕಾನೂ ಸಿಗುತ್ತೆ, ಚಪ್ಪಟೆ ಮೀನೂ ಸಿಗುತ್ತೆ. ಈಗ ಅದು ರಷ್ಯದ ಗಡಿ. ದೋಣಿ ನೀರಿಗಿಳಿಸೋಕೆ ಸೈನಿಕರು ಬಿಡಲ್ವಂತೆ.”

“ಅವರ ಕಲ್ಲು ಏನಾಯ್ತು?”

“ಗೊತ್ತಿಲ್ಲ ಅಜ್ಜ. ಅವರ ಹತ್ತಿರ ಈಗ ಹೆಚ್ಚೇನೂ ಇಲ್ಲ. ಆದ್ರೆ ನೀನು ಮತ್ತು ಯೂಹಾನ್ ಕೋಲು ಹಿಡಿದಾಗೆಲ್ಲ ಅವರ ಹೆಸರು ಹೇಳ್ತಿದ್ರಿ.”

ಅವನು ಅದನ್ನು ಕೇಳಿಸಿಕೊಂಡ. ಬಲೆಯನ್ನು ಮತ್ತೆ ತೊಡೆಗೆ ಎಳೆದುಕೊಂಡು, ಸೂಜಿಗೆ ನೂಲು ಸುತ್ತಿ, ಎರಡು ಕಣ್ಣು ಕಟ್ಟಿ ಮುಗಿಸಿದ.

“ಚೆನ್ನಾಗಿದೆ. ಓದಿದವರು ಸಮಾಧಾನ ಹೇಳೋದು ಹೀಗೇನೇ. ಆದ್ರೆ ಗುಂಡಿ ತೋಡಿದ್ದು ಜರ್ಮನ್ ವರ್ತಕ ಅಲ್ಲ, ನಾನು. ಅಜ್ಜಿಗೆ ಹೇಳಬೇಡ.”

ಇಲ್ಮಿ ಪೆಟ್ಟಿಗೆ ಮುಚ್ಚಿದಳು. ಕಾರಣ ಸಿಕ್ಕಿತ್ತು, ಆದರೆ ಅದನ್ನು ಅಜ್ಜಿಯ ಕೈಗಿಡುವಂತಿರಲಿಲ್ಲ. ತಾನು ಕಲಿತ ವಿದ್ಯೆಯಿಂದ ಒಂದು ಪದದ ಏಳುನೂರು ವರ್ಷದ ದಾರಿ ತೋರಿಸಬಹುದಿತ್ತು. ದೋಣಿಯಿಂದ ಚರ್ಚಿನ ಬಾಗಿಲವರೆಗಿನ ದಾರಿ ತೋರಿಸಲು ಆಗಲಿಲ್ಲ.

ಶನಿವಾರ ಸಂಜೆ ಸೌನಾ ಕಾಯಿಸಿದರು. ಅಜ್ಜಿ ಮೊಮ್ಮಗಳು ಒಳಗೆ ಆವಿಯಲ್ಲಿ ಕೂತಿದ್ದಾಗ ಸೆರಾಫೀನಾ ಬರ್ಚ್ ಸೊಪ್ಪಿನ ಕಟ್ಟಿನಿಂದ ಇಲ್ಮಿಯ ಬೆನ್ನಿಗೆ ಬಡಿಯುತ್ತ, “ಹೇಳಬೇಡ ಬಿಡು. ಏನೋ ಇದೆ ಅಂತ ನಿನ್ನ ಬೆನ್ನೇ ಹೇಳ್ತಿದೆ,” ಅಂದಳು. ಇಲ್ಮಿ ಕಾದ ಕಲ್ಲುಗಳಿಗೆ ಇನ್ನೊಂದು ಸೌಟು ನೀರು ಹೊಯ್ದಳು. ಆವಿಯಲ್ಲಿ ಕಣ್ಣೊರೆಸಿಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಅದೊಂದು ಅನುಕೂಲ.

ಏನೊಕ್ಕಿಯೂ ಮಿಂದು ಬಂದ ಮೇಲೆ ಮೂವರೂ ಜಗುಲಿಯಲ್ಲಿ ಕೂತರು. ಹೊಸ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಉಪ್ಪು ಮೀನು, ಮಜ್ಜಿಗೆ. ಸೂರ್ಯ ಇನ್ನೂ ಪೈನ್ ಮರಗಳ ಸೊಂಟದ ಮಟ್ಟದಲ್ಲಿದ್ದ. ಪಕ್ಕದ ಮನೆಯ ವಿಧವೆ ಹಿಲ್ಯಾ ಸೈಕಲ್ ತಳ್ಳಿಕೊಂಡು ಬಂದಳು. ಅವಳೂ ದ್ವೀಪದವಳೇ, ಬಾಗಿಲಿಗೆ ಬಂದ ಮೇಲೆ ‘ಇಲ್ಲ, ಕೂರಲ್ಲ’ ಎನ್ನುತ್ತ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವಳು.

“ನಾಳೆ ನಿಮ್ಮ ದೋಣೀಲಿ ನನಗೊಂದು ಜಾಗ ಬೇಕು. ಇಲ್ಲ, ಕೂರಲ್ಲ.” ಕೂತಳು. “ಪಾದ್ರಿ ಹೊಸಬನಂತೆ, ಹುಡುಗ. ನಾಳೆ ಲೇವಿಸ್ಕಾ ಕಥೆ ಓದೋ ಭಾನುವಾರ ಬೇರೆ. ಏನೊಕ್ಕಿ, ನೀನಾದ್ರೂ ಒಳಗೆ ಬಂದು ಆ ಹುಡುಗನಿಗೆ ಹೇಳು, ಲೇವಿಸ್ಕಾ ಅಂದ್ರೆ ಏನಂತ. ಅವನು ಕಂಡಿರೋದು ಕಿಲೋ ಮಾತ್ರ.”

“ನಾನು ದೋಣೀಲಿರ್ತೀನಿ,” ಅಂದ ಏನೊಕ್ಕಿ.

ಸೆರಾಫೀನಾ ಫೋರ್ಕನ್ನು ತಟ್ಟೆಗೆ ಎಸೆದಳು.

“ಯಾಕೆ? ಯಾರನ್ನಾದ್ರೂ ಕೊಂದಿದ್ಯಾ? ಬಾಯಿ ಬಿಟ್ಟು ಹೇಳು ಮುದುಕ! ಇಷ್ಟು ವರ್ಷ ಚರ್ಚಿನ ಕಟಾಂಜನದ ಮುಂದೆ ವಿಧವೆ ಥರ ಒಬ್ಬಳೇ ಮಂಡಿಯೂರಿದೀನಿ. ಹಿಲ್ಯಾಗಾದ್ರೆ ಗಂಡ ಇಲ್ಲ. ನನ್ನ ಗಂಡ ಕಲ್ಲು ಎಸೆದ್ರೆ ಬೀಳೋ ದೂರದಲ್ಲಿ ಮೋಟಾರು ಒರೆಸ್ತಾ ಕೂತಿರ್ತಾನೆ!”

ಅವಳು ಎದೆ ಹಿಡಿದುಕೊಂಡಳು. ಇಲ್ಮಿ ಎದ್ದು ನಿಂತಳು. ಏನೊಕ್ಕಿ ಹೆಂಡತಿಯ ಆ ಕೈಯನ್ನು ನೋಡಿದ. ನೋಡುತ್ತಲೇ ಹೇಳಿದ.

“ಹೂತೆ. ದ್ವೀಪದ ಲೇವಿಸ್ಕಾನ. ನನ್ನ ಕೈಗೆ ಕೊಟ್ಟಿದ್ದನ್ನ ಹೂತಿಟ್ಟು ಬಂದೆ. ನಾಳೆ ಓದೋದು ನನ್ನ ಕಥೇನೇ.”

ಸೆರಾಫೀನಾಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡಳು ಇಲ್ಮಿ. ಅವಳು ನಗುತ್ತಿದ್ದಳು, ಕೋಪದಿಂದ.

“ಅದಕ್ಕಾ? ಅದಕ್ಕಾ? ಅಯ್ಯೋ ನನ್ನ ದೇವರೇ. ಡಾಂಬರು ಬಟ್ಟೆ ಕೊಟ್ಟವಳು ಯಾರು, ನಾನಲ್ವಾ? ಹಡಗು ಹೊರಗೆ ನಿಂತಿತ್ತು, ಅಲೆ ಎದ್ದಿತ್ತು, ಹಗ್ಗದ ಏಣಿ ಹತ್ತಬೇಕಿತ್ತು. ನಾನು ನಮ್ಮ ಕುರುಡು ಅಮ್ಮನನ್ನ ಹಿಡ್ಕೊಂಡಿದ್ದೆ. ನಿನಗೆ ಏಣಿಗೆ ಒಂದು ಕೈ, ಇನ್ನೊಂದು ಕೈಲಿ ಇವಳು. ಹಲ್ಲು ಬರೋ ವಯಸ್ಸು, ಕಿರುಚ್ತಾ ಇದ್ಲು. ಆ ಕಲ್ಲೂ ಇವಳೂ ಆಗ ಒಂದೇ ತೂಕ ಇದ್ರು. ಇವಳನ್ನ ಹೂತಿಟ್ಟು ಕಲ್ಲನ್ನ ತರಬೇಕಿತ್ತಾ?”

“ಕಲ್ಲು ಕಿರುಚ್ತಿರಲಿಲ್ಲ,” ಅಂದ ಏನೊಕ್ಕಿ.

ಹಿಲ್ಯಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಇಲ್ಮಿಗೆ ಇದು ಗೊತ್ತಿರಲಿಲ್ಲ. ತನ್ನನ್ನು ಹಡಗಿಗೆ ಯಾರು ಎತ್ತಿಕೊಂಡು ಹತ್ತಿದರೆಂದು ಅವಳು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

“ಮೊದಲನೇ ಸಲಕ್ಕೆ ನೆಪ ಇದೆ,” ಏನೊಕ್ಕಿ ತಲೆಯಾಡಿಸಿದ. “ಅದನ್ನ ನಾನೂ ಬಲ್ಲೆ. ಆಮೇಲೆ ಯುದ್ಧದ ನಡುವೆ ದ್ವೀಪ ವಾಪಸ್ ಸಿಕ್ತಲ್ಲ, ಎರಡು ಬೇಸಿಗೆ ಇದ್ದೆವಲ್ಲ. ದಿನಾ ಆ ಮರದ ಪಕ್ಕ ಓಡಾಡ್ತಿದ್ದೆ. ಅಗೀಲಿಲ್ಲ. ಎರಡನೇ ಸಲ ಹೊರಟಾಗ ನನ್ನ ಕೈ ಖಾಲಿ ಇತ್ತು. ಆಗಲೂ ಅಗೀಲಿಲ್ಲ.”

“ಯಾಕೆ?” ಇಲ್ಮಿ ಕೇಳಿದಳು.

ಅವನು ಉತ್ತರವನ್ನು ಬಹಳ ಆಳದಿಂದ ಎಳೆದ.

“ಅದು ಅಲ್ಲಿದ್ರೆ ನಾನು ವಾಪಸ್ ಹೋಗಲೇಬೇಕಲ್ಲ, ಅದಕ್ಕೆ. ಅದನ್ನ ತಂದುಬಿಟ್ರೆ ಅಲ್ಲಿ ನಂದು ಅಂತ ಏನುಳೀತು? ಬೇಕಂತಲೇ ಬಿಟ್ಟು ಬಂದೆ. ಅದೇ ತಪ್ಪು. ಹೂತಿದ್ದಲ್ಲ, ತೆಗೀದೇ ಇದ್ದಿದ್ದು.”

ಈಗ ಸೆರಾಫೀನಾ ನಗಲಿಲ್ಲ. ಎದ್ದು ಒಳಗೆ ಹೋದಳು. ಅಡುಗೆಮನೆಯ ಶೆಲ್ಫಿನ ಮೇಲಿಂದ ಕಾಫಿ ಬೀಜ ಅರೆಯುವ ಗಿರಣಿಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ಹಿತ್ತಾಳೆಯ ಹಳೆಯ ಗಿರಣಿ. ಅದರ ಹಿಡಿ ಮಾತ್ರ ಮರದ್ದು, ಏನೊಕ್ಕಿ ಕೆತ್ತಿ ಕೂಡಿಸಿದ್ದು.

“ಇದರ ಹಿಡಿ ದೋಣಿಯ ಗಲಾಟೆಲಿ ಕಳೆದುಹೋಯ್ತು ಅಂತ ನಾನು ಅಂದಿದ್ದೆನಲ್ಲ? ಕಳೀಲಿಲ್ಲ. ಅಲ್ಲಿ ಅಡುಗೆಮನೆ ಕಿಟಕಿ ಮೇಲೆ ಇಟ್ಟು ಬಂದೆ. ಎರಡನೇ ಸಲ ಹೊರಡೋವಾಗ ಕೈಯಲ್ಲೇ ಇತ್ತು. ಬಿಚ್ಚಿ ಇಟ್ಟೆ. ಹಿಡಿ ಅಲ್ಲಿ, ಗಿರಣಿ ಇಲ್ಲಿ ಇದ್ರೆ ದೇವರಿಗಾದ್ರೂ ನಾಚಿಕೆಯಾಗಿ ನಮ್ಮನ್ನ ವಾಪಸ್ ಕಳಿಸ್ತಾನೆ ಅಂತ.” ಅವಳ ದನಿ ತಗ್ಗಿತು. “ನೀನು ಹೊಸ ಹಿಡಿ ಕೆತ್ತಿ ತಂದಾಗ ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ವಾರ ಎಲ್ಲ ನಿನ್ನ ಕಾಫಿಗೆ ಕೆನೆ ಹಾಕಲಿಲ್ಲ.”

“ಅದು ನೆನಪಿದೆ,” ಅಂದ ಏನೊಕ್ಕಿ. “ಯಾಕಂತ ಗೊತ್ತಾಗಿರಲಿಲ್ಲ.”

ಹಿಲ್ಯಾ ತನ್ನ ಸ್ಕಾರ್ಫಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. “ನಾನು ಬೂಟು ಬಿಟ್ಟು ಬಂದೆ,” ಅಂದಳು. “ನಮ್ಮವರದ್ದು, ಚರ್ಚಿಗೆ ಹಾಕೋ ಬೂಟು. ಒಂದನ್ನ ತಂದೆ, ಇನ್ನೊಂದನ್ನ ಅಟ್ಟದಲ್ಲಿ ಬಿಟ್ಟೆ. ಅವರನ್ನ ಮಣ್ಣು ಮಾಡೋವಾಗ ಬೇರೆ ಜೋಡಿ ಕೊಳ್ಳಬೇಕಾಯ್ತು. ಸಾಯೋವರೆಗೂ ಆ ಮನುಷ್ಯ ಗೊಣಗಿದ್ದು ಅದೊಂದಕ್ಕೇ.”

“ನೀನೂನಾ?” ಸೆರಾಫೀನಾ ಅವಳ ಕಡೆ ತಿರುಗಿದಳು. “ಇಷ್ಟು ವರ್ಷ ಹೇಳಲಿಲ್ವಲ್ಲೇ!”

“ನೀನು ಹೇಳಿದ್ಯಾ? ಎಂಥದ್ದು ಅಂತ ಹೇಳೋದು? ಬುದ್ಧಿ ಇದ್ದವರು ಮಾಡೋ ಕೆಲಸಾನಾ ಅದು? ಮೇಲಿನ ಮನೆಯ ಆಬ್ರಾಮಿ ಬಾವಿ ಕೊಡದ ಹಗ್ಗ ಬಿಚ್ಚಿ ಇಟ್ಟು ಬಂದಿದಾನೆ, ಕುಡಿದಾಗ ಒಂದ್ಸಲ ಬಾಯಿಬಿಟ್ಟಿದ್ದ. ನಾನು ನಕ್ಕಿದ್ದೆ.”

ಎಲ್ಲರೂ ಒಂದೊಂದನ್ನು ಬಿಟ್ಟು ಬಂದಿದ್ದರು. ಎಲ್ಲರೂ ಅದನ್ನು ತಾವೊಬ್ಬರೇ ಮಾಡಿದ ಹುಚ್ಚು ಎಂದುಕೊಂಡು ನುಂಗಿಕೊಂಡಿದ್ದರು. ಇಲ್ಮಿ ಆ ಮೂವರು ಮುದುಕರ ಮುಖಗಳನ್ನು ನೋಡುತ್ತ ಕೂತಳು. ಖಾಲಿ ಮನೆಗಳ ಕಿಟಕಿಯಲ್ಲಿ, ಅಟ್ಟದಲ್ಲಿ, ಮರದ ಬುಡದಲ್ಲಿ ಒಂದು ಊರು ತನ್ನ ಅರ್ಧವನ್ನು ಒತ್ತೆಯಿಟ್ಟು ಬಂದಿತ್ತು. ಲೀವಿಯವರೂ ಹಾಗೆಯೇ ಏನೋ, ಎಂದುಕೊಂಡಳು. ಅವರು ಬೇಕೆಂದು ಬಿಟ್ಟು ಹೋದದ್ದಲ್ಲ ನಿಜ. ಆದರೂ ಅವರ ಹೆಸರು ಬೇರೆಯವರ ಉಗ್ರಾಣದಲ್ಲಿ, ಬೇರೆಯವರ ಮೀನು ಕಾಳುಗಳ ನಡುವೆ, ಯಾರೂ ಗುರುತಿಸದೆ ಇಷ್ಟು ಕಾಲ ಉಳಿದುಕೊಂಡಿತ್ತು. ಇದನ್ನು ಗಟ್ಟಿಯಾಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಜಗುಲಿಯ ಆ ಹೊತ್ತಿನ ಮೌನ ಅಜ್ಜನದೊಬ್ಬನದೇ ಆಗಿರದೆ ಎಲ್ಲರದ್ದಾಗಿತ್ತು. ಅದನ್ನು ಮುರಿಯುವ ಹಕ್ಕು ತನಗಿಲ್ಲ ಎನಿಸಿತು.

ಏನೊಕ್ಕಿ ಎದ್ದು ಸೌನಾದ ಬೆಂಕಿ ಆರಿಸಲು ಹೋದ. ನಾಳೆಯ ಬಗ್ಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ನೀರು ಎಣ್ಣೆಯ ಹಾಗೆ ನಿಂತಿತ್ತು. ಏನೊಕ್ಕಿ ಎಂದಿನಂತೆ ಮೂವರು ಹೆಂಗಸರನ್ನು ಕೂರಿಸಿಕೊಂಡು ಹೋಗಿ, ಎಂದಿನಂತೆ ಹಗ್ಗ ಬಿಗಿದು, ಎಂದಿನಂತೆ ದೋಣಿಯ ಹಿಂಭಾಗದಲ್ಲಿ ಕೂತ. ಸೆರಾಫೀನಾ ತಿರುಗಿ ನೋಡಲಿಲ್ಲ. ಕೈಚೀಲವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.

ಮೊದಲ ಹಾಡಿನ ನಡುವೆ ಬಾಗಿಲು ಕಿರುಗುಟ್ಟಿತು. ಇಲ್ಮಿ ಕಣ್ಣಂಚಿನಲ್ಲಿ ನೋಡಿದಳು. ಅಜ್ಜ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ಬೆಂಚಿನ ತುದಿಯಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ, ಅರ್ಧ ಕೂತಿದ್ದ. ಎಳೆ ಪಾದ್ರಿ ಕಥೆ ಓದಿದ. ಐದು ಲೇವಿಸ್ಕಾ, ಎರಡು ಲೇವಿಸ್ಕಾ, ಒಂದು ಲೇವಿಸ್ಕಾ. ದ್ವೀಪದವರ ಕೆಲವು ತಲೆಗಳು ತಗ್ಗಿದವು. ಇಲ್ಮಿ ಈವರೆಗೆ ಅದನ್ನು ಭಕ್ತಿ ಎಂದುಕೊಂಡಿದ್ದಳು. ನೆಲ ಅಗೆದು ಹೂತಿಟ್ಟ ಎಂಬಲ್ಲಿಗೆ ಬಂದಾಗ ಅವಳಿಗೆ ಹಿಂದಿನ ಬಾಗಿಲಿನ ಸದ್ದು ಕೇಳಿಸುತ್ತದೆಂಬ ಭಯವಾಯಿತು. ಕೇಳಿಸಲಿಲ್ಲ.

ಪ್ರಭುಭೋಜನಕ್ಕೆ ಸಾಲು ಸಾಲಾಗಿ ಕರೆದರು. ಮೊದಲ ಸಾಲಿನಲ್ಲಿ ಹಿರಿಯರ ಜೊತೆ ಸೆರಾಫೀನಾ ಹೋಗಿ ಕಟಾಂಜನದ ಮುಂದೆ ಮಂಡಿಯೂರಿದಳು. ಪಕ್ಕದಲ್ಲಿ ವಾಡಿಕೆಯಂತೆ ಒಬ್ಬರ ಜಾಗ ಖಾಲಿ ಬಿಟ್ಟಿದ್ದಳು. ಹಿಂದೆ ಯಾರೂ ಎದ್ದ ಸದ್ದಾಗಲಿಲ್ಲ. ಆಶೀರ್ವಾದವಾಯಿತು. ಅವಳು ಬಂದು ಮೊಮ್ಮಗಳ ಪಕ್ಕ ಕೂತಳು. ಅವಳ ತುಟಿ ಬಿಗಿದಿತ್ತು. ಎರಡನೇ ಸಾಲು ಹೋಯಿತು, ಮತ್ತೊಂದು ಹೋಯಿತು. ಕೊನೆಯವರೂ ಎದ್ದು ಬಂದರು. ಪಾದ್ರಿ ಬಟ್ಟಲನ್ನು ಒರೆಸಿ ಬಿಳಿ ಬಟ್ಟೆ ಕೈಗೆತ್ತಿಕೊಂಡ.

ಆಗ ನಡುದಾರಿಯಲ್ಲಿ ಭಾರವಾದ ಹೆಜ್ಜೆ ಕೇಳಿಸಿತು. ಏನೊಕ್ಕಿ ಯಾರನ್ನೂ ನೋಡದೆ, ಕಟಾಂಜನದವರೆಗೆ ನಡೆದು ಹೋಗಿ ನಿಂತ. ಅಲ್ಲಿಗೆ ಹೋದ ಮೇಲೆ ಏನು ಮಾಡಬೇಕೆಂಬುದು ಮರೆತವನ ಹಾಗೆ ನಿಂತೇ ಇದ್ದ.

“ಸರಿ ಮಗಾ, ಕಾಲು ತೆಗಿ,” ಅಂದಳು ಸೆರಾಫೀನಾ, ಮತ್ತು ಇಲ್ಮಿಯ ಮಂಡಿಗಳನ್ನು ದಾಟಿ ದಾರಿಗೆ ಬಂದಳು. ಪ್ರಭುಭೋಜನಕ್ಕೆ ಎರಡನೇ ಸಲ ಯಾರೂ ಹೋಗುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಅವಳು ಹೋಗಿ ಗಂಡನ ತೋಳು ಹಿಡಿದು ಕೆಳಕ್ಕೆಳೆದಳು. ಇಬ್ಬರ ಮಂಡಿಗಳೂ ಹಲಗೆಯ ಮೇಲೆ ಕುಕ್ಕಿದ ಸದ್ದು ಕೊನೆಯ ಬೆಂಚಿನವರೆಗೂ ಕೇಳಿಸಿತು.

ಪಾದ್ರಿ ಬಾಗಿ ಮೆಲ್ಲಗೆ, “ಅಮ್ಮಾ, ನೀವು ಆಗಲೇ ತಗೊಂಡಿದೀರಿ,” ಅಂದ.

“ಆಗಿನದು ನಂದು ಪಾದ್ರಿಗಳೇ. ಇವನಿಗೆ ಅಭ್ಯಾಸ ತಪ್ಪಿದೆ, ಒಬ್ಬನೇ ಬಿಟ್ರೆ ಎದ್ದು ಹೋಗ್ತಾನೆ. ನೀವು ಕೊಡಿ.”

ಎಳೆಯ ಪಾದ್ರಿ ಒಂದು ಗಳಿಗೆ ಇಬ್ಬರನ್ನೂ ನೋಡಿದ. ಬಿಳಿ ಬಟ್ಟೆಯನ್ನು ಬದಿಗಿಟ್ಟು, ಒರೆಸಿಟ್ಟ ಬಟ್ಟಲಿಗೆ ಮತ್ತೆ ದ್ರಾಕ್ಷಾರಸ ಸುರಿದ.